ಪೀನಟ್ ಎಂಬ ಜಲಾಂತರ್ಗಾಮಿ ಮತ್ತು ನನ್ನ ಅರ್ಧ ಇಂಚು

ಹೋದ ತಿಂಗಳು ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಲ್ಲಿ ಪರಿಚಯದವರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಅಲ್ಲಿ ಮೇಘನಾ ಎಂಬ ಹುಡುಗಿ ಸಿಕ್ಕಳು. ಬೆಂಗಳೂರಿನವಳು. ಇಲ್ಲಿ ಎಂ.ಎಸ್. ಮುಗಿಸಿ, ಕಾರ್ಖಾನೆಗಳ ಪೈಪು ಮತ್ತು ಟ್ಯಾಂಕುಗಳನ್ನು ಪರೀಕ್ಷಿಸುವ ಕಂಪನಿಯೊಂದಕ್ಕೆ ಸೇರಿ ಎರಡು ವಾರವಾಗಿತ್ತಂತೆ. ನಾನೂ ಅದೇ ಕೆಲಸ ಮಾಡಿ ನಿವೃತ್ತನಾದವನೆಂದು ಯಾರೋ ಹೇಳಿದ್ದರಿಂದ ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ಕೂತಳು.

“ಅಂಕಲ್, ಈಗ ಪ್ರೋಬ್ ಇಟ್ಟರೆ ಮಷೀನೇ ಥಿಕ್‌ನೆಸ್ ಕೊಡತ್ತೆ. ನಾವು ಅದನ್ನ ಎಂಟರ್ ಮಾಡೋದಷ್ಟೇ. ಇದರಲ್ಲಿ ತಪ್ಪಾಗೋಕೆ ಏನಿದೆ?” ಎಂದು ಕೇಳಿದಳು.

ಊಟದ ನಡುವೆ ಹೇಳಿ ಮುಗಿಸುವ ಉತ್ತರ ನನ್ನಲ್ಲಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಇಲ್ಲಿ ಬರುವುದಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ. ಅಮೆರಿಕನ್ನರು ಇಂಗ್ಲಿಷಿನಲ್ಲಿ ಆಡಿದ್ದನ್ನು ನೆನಪಿದ್ದ ಮಟ್ಟಿಗೆ ಕನ್ನಡದಲ್ಲಿ ಕೊಟ್ಟಿದ್ದೇನೆ.

ನಾನು ಹುಬ್ಬಳ್ಳಿಯಲ್ಲಿ ಓದಿ, ಭದ್ರಾವತಿಯಲ್ಲಿ ಎರಡು ವರ್ಷ ಉಕ್ಕಿನ ಕೆಲಸ ನೋಡಿ, ಅರವತ್ತರ ದಶಕದ ನಡುವೆ ಲೋಹಶಾಸ್ತ್ರ ಓದಲು ನ್ಯೂಜೆರ್ಸಿಗೆ ಬಂದೆ. ಓದು ಮುಗಿದ ಮೇಲೆ ಜೆರ್ಸಿ ಸಿಟಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ಒಟ್ಟು ಐದು ಜನ. ಆಗ ನ್ಯೂಯಾರ್ಕ್ ಬಂದರಿನ ಎರಡೂ ದಡಗಳಲ್ಲಿ ಹಡಗು ರಿಪೇರಿಯ ಯಾರ್ಡುಗಳು ಸಾಲಾಗಿದ್ದವು. ಹಡಗನ್ನು ಡ್ರೈ ಡಾಕಿಗೆ ತಂದು ನೀರು ಖಾಲಿ ಮಾಡಿದ ಮೇಲೆ ಅದರ ಹೊರಮೈಯ ಉಕ್ಕಿನ ಪ್ಲೇಟುಗಳು ಎಷ್ಟು ಸವೆದಿವೆ ಎಂದು ಅಳೆದು ಬರೆದುಕೊಡುವುದು ನಮ್ಮ ಕೆಲಸ.

ನನ್ನ ಮೇಲಿನವರು ಹಾಲ್ವರ್ಸನ್. ನಾರ್ವೆಯಲ್ಲಿ ಹುಟ್ಟಿ, ಬ್ರೂಕ್ಲಿನ್ನಿನಲ್ಲಿ ಹಡಗು ಕಟ್ಟುವ ಕೆಲಸ ಮಾಡಿ, ಆಮೇಲೆ ತಪಾಸಣೆಗೆ ಬಂದವರು. ಅರವತ್ತು ದಾಟಿತ್ತು. ಅವರ ಉಪಕರಣ ಒಂದು ಸುತ್ತಿಗೆ. ಪ್ಲೇಟನ್ನು ಬಡಿದು ಸದ್ದು ಕೇಳಿ, ಇದು ಸರಿ, ಇದು ಸವೆದಿದೆ ಎನ್ನುತ್ತಿದ್ದರು. ಮೊದಲ ದಿನ ನನ್ನನ್ನು ಒಂದು ಹಳೆಯ ತೈಲ ಹಡಗಿನ ಕೆಳಗೆ ನಿಲ್ಲಿಸಿ ಎರಡು ಕಡೆ ಬಡಿದರು.

“ವ್ಯತ್ಯಾಸ ಕೇಳಿಸಿತಾ?”

“ಇಲ್ಲ ಸರ್.”

“ಇನ್ನೊಂದು ತಿಂಗಳು ಕೇಳು” ಎಂದು ಮುಂದೆ ಹೋದರು.

ಒಂದು ತಿಂಗಳಲ್ಲ, ಐದು ತಿಂಗಳು ಬೇಕಾಯಿತು. ಗಟ್ಟಿ ಪ್ಲೇಟು ಗಂಟೆಯ ಹಾಗೆ ಕೊಂಚ ಹೊತ್ತು ಗುನುಗುತ್ತದೆ. ಸವೆದದ್ದು ಬದ್ ಎಂದು ಅಲ್ಲೇ ನಿಲ್ಲುತ್ತದೆ. ಅನುಮಾನ ಬಂದಲ್ಲಿ ಸಣ್ಣ ತೂತು ಕೊರೆದು, ಕೊಕ್ಕೆಯಂಥ ಅಳತೆಗೋಲು ತೂರಿಸಿ ಅಳೆದು, ತೂತನ್ನು ವೆಲ್ಡ್ ಮಾಡಿ ಮುಚ್ಚುತ್ತಿದ್ದರು. ಸರಕಿನ ಹಡಗಿಗೆ ಇದು ನಡೆಯುತ್ತದೆ. ನೀರಿನೊಳಗೆ ಮುಳುಗಬೇಕಾದ ಹಡಗಿಗೆ ಮುಚ್ಚಿದ ತೂತೂ ಒಂದು ದುರ್ಬಲ ಜಾಗವೇ.

ಆ ಕಾರಣಕ್ಕಾಗಿಯೇ ಕಂಪನಿ ಒಂದು ಅಲ್ಟ್ರಾಸೋನಿಕ್ ಯಂತ್ರ ತಂದಿತು. ಕಾಲೇಜಿನ ಲ್ಯಾಬಿನಲ್ಲಿ ಅಂಥದ್ದನ್ನು ಬಳಸಿದ್ದ ನನಗೆ ಅದನ್ನು ಒಪ್ಪಿಸಿದರು. ಸೂಟ್‌ಕೇಸಿನಷ್ಟು ದೊಡ್ಡದು, ಹೊತ್ತರೆ ಭುಜ ಬೀಳುವಷ್ಟು ಭಾರ. ಪ್ಲೇಟಿಗೆ ಗ್ಲಿಸರಿನ್ ಬಳಿದು ಪ್ರೋಬ್ ಒತ್ತಿದರೆ ಅದರಿಂದ ಹೊರಟ ಶಬ್ದ ಉಕ್ಕಿನ ಆಚೆ ಮುಖಕ್ಕೆ ತಾಗಿ ಪ್ರತಿಧ್ವನಿಯಾಗಿ ಮರಳುತ್ತದೆ. ಆಗ ಪರದೆಯ ಹಸಿರು ಗೆರೆಯ ಮೇಲೆ ಒಂದು ಮುಳ್ಳು ಏಳುತ್ತದೆ. ಮುಳ್ಳು ಎಷ್ಟು ದೂರದಲ್ಲಿ ಎದ್ದಿತೋ ಅದೇ ಪ್ಲೇಟಿನ ದಪ್ಪ. ಶಬ್ದ ಒಂದೇ ಸಲ ಬಡಿದು ಸುಮ್ಮನಾಗುವುದಿಲ್ಲ. ಎರಡು ಪಟ್ಟು ದೂರದಲ್ಲಿ ಎರಡನೆಯ ಮುಳ್ಳು, ಮೂರು ಪಟ್ಟು ದೂರದಲ್ಲಿ ಮೂರನೆಯದು ಏಳುತ್ತವೆ. ನಿಜ ಹೇಳುವುದು ಮೊದಲನೆಯದು ಮಾತ್ರ. ಆ ಯಂತ್ರ ಅಂಕಿ ಕೊಡುತ್ತಿರಲಿಲ್ಲ. ಮುಳ್ಳುಗಳನ್ನು ತೋರಿಸುತ್ತಿತ್ತು, ಅಂಕಿ ನಾವು ಬರೆಯಬೇಕಿತ್ತು.

ಆ ಯಂತ್ರದೊಂದಿಗೆ ನನಗೆ ಬಂದ ಮೊದಲ ದೊಡ್ಡ ಕೆಲಸ ಪೀನಟ್.

ಅದರ ನಿಜವಾದ ಹೆಸರು ಬೇರೆ. ಮಾಮೂಲಿ ಜಲಾಂತರ್ಗಾಮಿಯ ಅರ್ಧದಷ್ಟೂ ಉದ್ದವಿಲ್ಲದ್ದರಿಂದ ಯಾರ್ಡಿನವರು ಅದನ್ನು ಪೀನಟ್ ಎನ್ನುತ್ತಿದ್ದರು. ನನ್ನ ಹೆಂಡತಿ ಸುಮಿತ್ರಾ ಮನೆಯಲ್ಲಿ ಅದನ್ನು ಶೇಂಗಾ ಎಂದೇ ಕರೆದಳು. ಯುದ್ಧಕ್ಕೆಂದು ಕಟ್ಟಿದ್ದಲ್ಲ. ನೌಕಾಪಡೆಯ ಹಡಗುಗಳು ಜಲಾಂತರ್ಗಾಮಿಯನ್ನು ಹುಡುಕುವುದನ್ನು ಕಲಿಯುವಾಗ ನೀರಿನೊಳಗೆ ಅವಿತುಕೊಳ್ಳಲು ಒಂದು ಬೇಕಲ್ಲ, ಅದಕ್ಕಾಗಿ ಐವತ್ತರ ದಶಕದಲ್ಲಿ ಕಟ್ಟಿದ್ದು. ಹಲವು ವರ್ಷ ದಕ್ಷಿಣದ ಬೆಚ್ಚಗಿನ ಸಮುದ್ರದಲ್ಲಿ ಸಿಕ್ಕಿಬೀಳುವ ಕೆಲಸ ಮಾಡಿ, ಹಳತಾದ ಮೇಲೆ ಬ್ರೂಕ್ಲಿನ್ನಿನ ಧಕ್ಕೆಗೆ ಬಂದಿತ್ತು. ಇಲ್ಲಿ ಮೀಸಲು ಪಡೆಯವರಿಗೆ ಅದರಲ್ಲಿ ತರಬೇತಿ. ವಾರವಿಡೀ ಬಸ್ ಓಡಿಸುವವರು, ಶಾಲೆಯಲ್ಲಿ ಗಣಿತ ಹೇಳುವವರು, ಹೊಬೊಕೆನ್ನಿನಲ್ಲಿ ಮಾಂಸದಂಗಡಿ ಇಟ್ಟವರು ತಿಂಗಳಿಗೊಂದು ಶನಿವಾರ, ಭಾನುವಾರ ಸಮವಸ್ತ್ರ ತೊಟ್ಟು ಬಂದು ಮುಳುಗುವುದು, ಏಳುವುದು ಕಲಿತು ಹೋಗುತ್ತಿದ್ದರು.

ಜಲಾಂತರ್ಗಾಮಿಯನ್ನು ಅಲ್ಲಿ ಬೋಟು ಎನ್ನುತ್ತಿದ್ದರು. ಬೋಟಿಗೆ ಒಬ್ಬ ಲೆಫ್ಟಿನೆಂಟ್ ಇದ್ದರೂ ಅದನ್ನು ನಡೆಸುತ್ತಿದ್ದವರು ಚೀಫ್ ಡೊನಾಟೊ. ಚೀಫ್ ಎಂದರೆ ಅಧಿಕಾರಿಯಲ್ಲ, ನಾವಿಕರಲ್ಲೇ ಹಿರಿಯ. ಕುಳ್ಳಗೆ, ದಪ್ಪಗೆ ಇದ್ದರು. ಆ ಬೋಟಿನಲ್ಲಿ ತಲೆ ಬಗ್ಗಿಸದೆ ನಡೆಯಬಲ್ಲವರು ಅವರೊಬ್ಬರೇ. ನಾನಿನ್ನೂ ಗ್ರೀನ್ ಕಾರ್ಡಿನವನು, ಅಮೆರಿಕದ ಪ್ರಜೆಯಲ್ಲ. ಬೋಟಿನಲ್ಲಿ ಗುಟ್ಟಿನದೇನೂ ಇಲ್ಲದಿದ್ದರೂ ನನಗೆ ಬೇರೆ ಬಣ್ಣದ ಬ್ಯಾಡ್ಜು ಕೊಟ್ಟು, ಹೋದಲ್ಲೆಲ್ಲ ನೌಕಾಪಡೆಯವರೊಬ್ಬರು ಜೊತೆಗಿರಬೇಕೆಂದು ಹೇಳಿದರು. ಡೊನಾಟೊ ಆ ಕೆಲಸವನ್ನು ತಾವೇ ಇಟ್ಟುಕೊಂಡರು.

“ಹೆಸರೇನು?”

“ಗುರುನಾಥ. ಎಲ್ಲರೂ ಗುರು ಅನ್ನುತ್ತಾರೆ.”

ಆಗ ಮ್ಯಾನ್‌ಹಟನ್ನಿನ ಪಾರ್ಕುಗಳಲ್ಲಿ ಉದ್ದ ಕೂದಲಿನ ಹುಡುಗರು ಗುರುಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದ ಕಾಲ. ಡೊನಾಟೊ ನನ್ನ ಟೈ, ಹೆಲ್ಮೆಟ್, ಯಂತ್ರ ಎಲ್ಲವನ್ನೂ ನಿಧಾನವಾಗಿ ನೋಡಿದರು. “ನನ್ನ ಮಗಳು ಗುರುವನ್ನು ಹುಡುಕುತ್ತಾ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಳೆ. ಅವನು ಬ್ರೂಕ್ಲಿನ್ನಿನಲ್ಲಿದ್ದಾನೆ ಅಂತ ಪತ್ರ ಬರೆಯುತ್ತೇನೆ” ಎಂದರು. ಅವರ ಮುಖದಲ್ಲಿ ನಗುವಿರಲಿಲ್ಲ. ತಮಾಷೆ ಎಂದು ಗೊತ್ತಾಗಲು ನನಗೆ ಎರಡು ದಿನ ಹಿಡಿಯಿತು.

ಒಳಗೆ ಕಾಲಿಡುವ ಮೊದಲು ಅವರದೊಂದು ನಿಯಮವಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೋಟಿನ ಹಿಂದಿನ ತುದಿಯಿಂದ ಮುಂದಿನ ಏಣಿಯವರೆಗೆ ನಡೆದು ಬರಬೇಕು. ತರಬೇತಿಗೆ ಬಂದವರಿಗೂ ಅದೇ, ನನಗೂ ಅದೇ. ನಾನು ಹಣೆಯನ್ನು ಮೂರು ಕಡೆ ಬಡಿಸಿಕೊಂಡು ಒಂದು ವಾಲ್ವಿನ ಚಕ್ರ ಹಿಡಿದು ನಿಂತುಬಿಟ್ಟೆ. “ಅದನ್ನು ತಿರುಗಿಸಬೇಡ. ಇನ್ನೊಂದು ಸಲ” ಎಂದರು. ನಾಲ್ಕನೆಯ ಸಲಕ್ಕೆ ಏಣಿ ಕೈಗೆ ಸಿಕ್ಕಿತು.

ಬೋಟನ್ನು ಡ್ರೈ ಡಾಕಿಗೆ ತಂದ ಎರಡನೆಯ ದಿನವೇ ನನಗೊಂದು ಗೆಲುವು ಸಿಕ್ಕಿತು. ಎಂಜಿನ್ ಹೊಗೆಕೊಳವೆಯ ಪಕ್ಕದ ಪ್ಲೇಟಿನಲ್ಲಿ ಮುಳ್ಳು ತೀರ ಹತ್ತಿರ ಎದ್ದಿತು. ಹಾಲ್ವರ್ಸನ್ ಅಲ್ಲಿ ಸುತ್ತಿಗೆ ಬಡಿದು ಸರಿಯಾಗಿದೆ ಎಂದು ಮುಂದೆ ಹೋಗಿದ್ದರು. ನಾನು ಪಟ್ಟು ಹಿಡಿದೆ. ಪ್ಲೇಟು ಬದಲಾಯಿಸಲು ಕತ್ತರಿಸಿ ನೋಡಿದಾಗ ಯಂತ್ರ ತೋರಿಸಿದಷ್ಟೇ ದಪ್ಪವಿತ್ತು. ಯಾರ್ಡಿನವರೆಲ್ಲ ಬಂದು ನನ್ನ ಯಂತ್ರ ನೋಡಿ ಹೋದರು. ಆ ಮಧ್ಯಾಹ್ನದಿಂದ ಹಾಲ್ವರ್ಸನ್ ಪ್ಲೇಟು ಬಡಿದ ಮೇಲೆ ನನ್ನ ಮುಖ ನೋಡತೊಡಗಿದರು. ನನಗದು ಹಿತವಾಗಿತ್ತು ಎಂದು ಇಲ್ಲಿ ಒಪ್ಪಿಕೊಳ್ಳಬೇಕು.

ನಾಲ್ಕನೆಯ ದಿನ ಬ್ಯಾಟರಿ ಕೋಣೆಯ ಕೆಳಗಿನ ಪ್ಲೇಟಿಗೆ ಬಂದೆವು. ಜಲಾಂತರ್ಗಾಮಿ ನೀರಿನೊಳಗೆ ಓಡುವುದು ಬ್ಯಾಟರಿಯಿಂದ. ಅದರೊಳಗಿನ ಆಸಿಡ್ ಸೋರಿದರೆ ಹೊರಮೈಯನ್ನು ಒಳಗಿನಿಂದ ತಿನ್ನುತ್ತದೆ, ಹೊರಗಿನಿಂದ ನೋಡಿದವನಿಗೆ ಏನೂ ಕಾಣುವುದಿಲ್ಲ. ಹಾಲ್ವರ್ಸನ್ ಒಂದು ಕಡೆ ಎರಡು ಸಲ, ಮೂರು ಸಲ ಬಡಿದರು.

“ಈ ಸದ್ದು ನನಗೆ ಸರಿ ಕಾಣುತ್ತಿಲ್ಲ.”

“ಮೇಲೆ ಟನ್‌ಗಟ್ಟಲೆ ಬ್ಯಾಟರಿ ಕೂತಿದೆ ಸರ್. ಅದಕ್ಕೇ ಸದ್ದು ಹಾಗೆ ಬರುತ್ತದೆ” ಎಂದೆ. ಪ್ರೋಬ್ ಇಟ್ಟೆ. ಹೊಸದಿದ್ದಾಗ ಆ ಪ್ಲೇಟು ಅರ್ಧ ಇಂಚು. ಪರದೆಯ ಮೇಲೆ ಅರ್ಧ ಇಂಚಿನಲ್ಲಿ ಚೆಂದದ ಮುಳ್ಳು ಎದ್ದು ನಿಂತಿತು. ಅದಕ್ಕೂ ಮೊದಲು, ಎಡಗಡೆ, ಮೋಟು ಮುಳ್ಳೊಂದು ಅಲ್ಲಾಡುತ್ತಿತ್ತು. ಅಲ್ಲಿ ಬಣ್ಣ ಹಲವು ಪದರ ಬಳಿದದ್ದಿತ್ತು. ಕೆರೆದು ಬರಿಯ ಉಕ್ಕಿನ ಮೇಲೆ ಇಡಬೇಕು ಎಂಬುದು ನನಗೆ ಗೊತ್ತಿತ್ತು. ಕುತ್ತಿಗೆ ಮೇಲೆತ್ತಿ ಕೆಲಸ ಮಾಡಿ ನಾಲ್ಕನೆಯ ದಿನವಾಗಿತ್ತು, ಕೆರೆಯಲಿಲ್ಲ. ಮೋಟು ಮುಳ್ಳು ಬಣ್ಣದ ಗದ್ದಲ ಎಂದುಕೊಂಡೆ. ಅರ್ಧ ಇಂಚು ಎಂದು ಬರೆದೆ.

“ನಿನ್ನ ಯಂತ್ರ ಹೇಳುತ್ತದಲ್ಲ” ಎಂದು ಹಾಲ್ವರ್ಸನ್ ಕೆಳಗೆ ಸಹಿ ಮಾಡಿದರು.

ರಿಪೇರಿ ಮುಗಿದ ಮೇಲೆ ಬೋಟನ್ನು ಸಮುದ್ರಕ್ಕೆ ಒಯ್ದು ಮುಳುಗಿಸಿ ನೋಡುವ ಪರೀಕ್ಷೆ ಇರುತ್ತದೆ. ಡೊನಾಟೊ ಆಫೀಸಿಗೆ ಫೋನು ಮಾಡಿದರು. “ನೀನು ಅಳೆದದ್ದರೊಳಗೆ ನೀನೂ ಬಾ. ಯಾರ್ಡಿನ ವೆಲ್ಡರ್ ಬರುತ್ತಾನೆ. ನೀನು ಯಾಕೆ ಬರಬಾರದು?” ಅನುಮತಿ ಪತ್ರ ಬರಲು ಮೂರು ವಾರ ಹಿಡಿಯಿತು. ಸುಮಿತ್ರಾ ಆ ಮೂರು ವಾರವೂ ಕೇಳಿದಳು.

“ನೀರಿನೊಳಗ ಹೋಗೂದು ನಿಮ್ಮ ಕೆಲಸದಾಗ ಬರ್ತದೇನು?”

“ಬರೂದಿಲ್ಲ. ಕರದಾರ.”

“ಕರದ್ರ ಹೋಗ್ಲಿಕ್ಕೆ ಅದೇನು ಮದುವಿ ಮನಿ ಏನ್ರೀ?”

ಆದರೂ ಹೋಗುವ ದಿನ ಡಬ್ಬಿಯಲ್ಲಿ ಅವಲಕ್ಕಿ ಕಟ್ಟಿಕೊಟ್ಟಳು.

ಬಂದರಿನ ಬಾಯಲ್ಲಿರುವ ಸ್ಯಾಂಡಿ ಹುಕ್ ದಾಟಿ ಹಲವು ಗಂಟೆ ಹೋದ ಮೇಲೆ ನೀರು ಸಾಕಷ್ಟು ಆಳವಾಯಿತು. ನನ್ನನ್ನೂ ಸೇರಿ ಹತ್ತೊಂಬತ್ತು ಜನ. ಮೇಲಿನ ಹ್ಯಾಚ್ ಬಾಗಿಲು ಮುಚ್ಚಿದರು. ಡೀಸೆಲ್ ಎಂಜಿನ್ ನಿಂತಿತು. ಆ ನಿಶ್ಶಬ್ದ ನನಗೆ ಈಗಲೂ ನೆನಪಿದೆ, ಮನೆಯಲ್ಲಿ ಫ್ರಿಜ್ ತಟ್ಟನೆ ನಿಂತಾಗ ಆಗುವಂಥದ್ದು. ಬೋಟು ಮೂತಿ ಬಗ್ಗಿಸಿತು. ಐವತ್ತು ಅಡಿ, ನೂರು ಅಡಿ ಎಂದು ಡೊನಾಟೊ ಗಟ್ಟಿಯಾಗಿ ಹೇಳುತ್ತಾ ಹೋದರು. ನೂರ ಐವತ್ತಕ್ಕೆ ನಿಲ್ಲಿಸಿದರು. ಉಕ್ಕು ಎಲ್ಲೋ ಟಕ್ ಎಂದಿತು, ಮತ್ತೆ ಟಕ್ ಎಂದಿತು. ವೆಲ್ಡರ್ ನನ್ನ ಕಡೆ ನೋಡಿದ. ನನಗೆ ಭಯವಾಗಲಿಲ್ಲ. ಎಲ್ಲ ಅಂಕಿಗಳೂ ನನಗೆ ಬಾಯಿಪಾಠವಾಗಿದ್ದವು. ಅರ್ಧ ಇಂಚು ಉಕ್ಕಿಗೆ ಆ ಆಳದಲ್ಲಿ ಏನೂ ಆಗುವುದಿಲ್ಲ ಎಂದು ಅವನಿಗೆ ಧೈರ್ಯ ಹೇಳಿದೆ. ಅವಲಕ್ಕಿ ಡಬ್ಬಿ ತೆರೆದೆ, ಡೊನಾಟೊ ಎರಡು ಚಮಚ ತಿಂದು, ಇದರಲ್ಲಿ ಉಪ್ಪು ಕಡಿಮೆ ಎಂದರು. ಒಂದು ಗಂಟೆಯ ಬಳಿಕ ಮೇಲೆ ಬಂದೆವು.

ಎರಡು ವರ್ಷ ಪೀನಟ್ ಮುಳುಗುತ್ತಾ ಏಳುತ್ತಾ ಇತ್ತು. ನಾನೂ ಬೇರೆ ಹಡಗುಗಳ ಕೆಳಗೆ ತಿರುಗಿ ಕೆಲಸ ಕಲಿತೆ. ಈ ನಡುವೆ ಪದ್ಧತಿ ಬದಲಾಯಿತು. ಅಳೆಯುವ ಜಾಗವನ್ನೆಲ್ಲ ತಂತಿ ಬ್ರಷ್ಷಿನಿಂದ ಬೆಳ್ಳಗಾಗುವವರೆಗೆ ಉಜ್ಜಬೇಕು ಎಂಬ ನಿಯಮ ಬಂತು. ಬೇರೆ ಬೇರೆ ದಪ್ಪದ ಮೆಟ್ಟಿಲುಗಳಾಗಿ ಕಡೆದ ಉಕ್ಕಿನ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಪ್ರತಿ ಗಂಟೆಗೊಮ್ಮೆ ಅದರ ಮೇಲೆ ಯಂತ್ರವನ್ನು ಸರಿನೋಡಬೇಕಿತ್ತು.

ಪೀನಟ್ ಮತ್ತೆ ಡ್ರೈ ಡಾಕಿಗೆ ಬಂದಾಗ ಬ್ಯಾಟರಿ ಕೆಳಗಿನ ಅದೇ ಪ್ಲೇಟನ್ನು ಉಜ್ಜಿ ಪ್ರೋಬ್ ಇಟ್ಟೆ. ಮುಳ್ಳು ಕಾಲು ಇಂಚಿನಲ್ಲಿ ಎದ್ದಿತು. ಯಂತ್ರ ಸರಿನೋಡಿ ಮತ್ತೆ ಇಟ್ಟೆ. ಕಾಲು ಇಂಚು. ಸುತ್ತ ಅಳೆಯುತ್ತಾ ಹೋದೆ. ಊಟದ ತಟ್ಟೆಯಷ್ಟು ಅಗಲದ ಜಾಗ ಹಾಗಿತ್ತು.

“ಎಷ್ಟು?” ಎಂದರು ಪಕ್ಕದಲ್ಲಿದ್ದ ಡೊನಾಟೊ.

“ಕಾಲು.”

“ಹೋದ ಸಲ?”

“ಅರ್ಧ.”

ಅವರು ಪ್ಲೇಟಿನ ಮೇಲೆ ಅಂಗೈ ಇಟ್ಟರು. ಬ್ಯಾಟರಿಯ ಹೊಣೆ ಅವರದು. ಪ್ರತಿ ವಾರ ಅದನ್ನು ನೋಡಿ ಸೋರಿಕೆ ಇಲ್ಲವೆಂದು ಬರೆದು ಸಹಿ ಹಾಕುತ್ತಿದ್ದವರು ಅವರು. ಎರಡೇ ವರ್ಷದಲ್ಲಿ ಅರ್ಧ ಉಕ್ಕು ಕರಗಿದೆಯೆಂದರೆ ಅವರು ನೋಡದೆ ಸಹಿ ಹಾಕಿದ್ದಾರೆ ಎಂದೇ ಅರ್ಥ. ಅವರಿಗೆ ಪೆನ್ಶನ್ನಿಗೆ ಎಂಟು ತಿಂಗಳಿತ್ತು. “ನಾನು ಹೋಗಿ ಲೆಫ್ಟಿನೆಂಟ್‌ಗೆ ಹೇಳಬೇಕು” ಎಂದು ಹೊರಟುಹೋದರು. ಮರುದಿನ ಬೆಳಿಗ್ಗೆ ವಿಚಾರಣೆ ಎಂದು ಸಂಜೆಯೊಳಗೆ ಗೊತ್ತಾಯಿತು.

ಎರಡೇ ವರ್ಷದಲ್ಲಿ ಉಕ್ಕು ಅಷ್ಟು ಕರಗುವುದಿಲ್ಲ ಎಂದು ನನಗೆ ಆ ಕ್ಷಣವೇ ಹೊಳೆದಿತ್ತು. ಮನೆಗೆ ಬಂದು ಹಳೆಯ ನೋಟುಪುಸ್ತಕ ತೆಗೆದೆ. ನನಗೊಂದು ಅಭ್ಯಾಸವಿತ್ತು. ಅಂಕಿಗಳನ್ನು ಇಂಗ್ಲಿಷಿನಲ್ಲಿ ಬರೆದು, ನನಗೆ ಬೇಕಾದ ಟಿಪ್ಪಣಿಯನ್ನು ಅಂಚಿನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೆ. ಆ ಪುಟದಲ್ಲಿ ಪರದೆಯ ಚಿತ್ರವಿತ್ತು, ಎರಡು ಮುಳ್ಳು. ಪಕ್ಕದಲ್ಲಿ ನನ್ನದೇ ಅಕ್ಷರ: “ಮೊದಲ ಮುಳ್ಳು ಬಣ್ಣದ್ದು. ಲೆಕ್ಕಕ್ಕಿಲ್ಲ.” ಮೊದಲ ಮುಳ್ಳು ಕಾಲು ಇಂಚಿನಲ್ಲಿತ್ತು. ಅರ್ಧ ಇಂಚಿನದು ಅದರ ಎರಡನೆಯ ಪ್ರತಿಧ್ವನಿ. ಅಂದರೆ ನಾವು ನೂರ ಐವತ್ತು ಅಡಿ ಇಳಿದ ದಿನವೂ ಅಲ್ಲಿ ಇದ್ದದ್ದು ಕಾಲು ಇಂಚೇ. ನಾನು ಅರ್ಧ ಇಂಚು ಹುಡುಕಿಕೊಂಡು ಹೋಗಿದ್ದೆ, ಅರ್ಧ ಇಂಚು ಕಂಡಿತ್ತು.

ಸುಮಿತ್ರಾ ಅಡುಗೆ ಮನೆಯಿಂದ ಬಂದು ಏನಾಯಿತೆಂದು ಕೇಳಿದಳು. ಹೇಳಿದೆ. ಪುಸ್ತಕ ತೆಗೆದುಕೊಂಡು ಆ ಸಾಲನ್ನು ಓದಿದಳು.

“ಇದನ್ನ ಓದಲಿಕ್ಕೆ ಬರೋರು ಈ ಊರಾಗ ಎಷ್ಟು ಮಂದಿ ಇದ್ದಾರ?”

“ನಾ ಒಬ್ಬ, ನೀ ಒಬ್ಬಾಕಿ.”

“ನಾ ಅಂತೂ ಓದೇನಿ” ಎಂದು ಪುಸ್ತಕವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಹಾಲ್ವರ್ಸನ್ ಮನೆಗೆ ಫೋನು ಮಾಡಿದೆ. ಎಲ್ಲವನ್ನೂ ಕೇಳಿಸಿಕೊಂಡರು. “ನನ್ನ ಕಿವಿ ಅವತ್ತೇ ಹೇಳಿತ್ತು. ಹೇಳಿದ್ದನ್ನು ಬಿಟ್ಟು ಸಹಿ ಹಾಕಿದವನು ನಾನು. ನಾಳೆ ನಾನೂ ಬರುತ್ತೇನೆ” ಎಂದರು. ಬೈಗುಳಕ್ಕೆ ಸಿದ್ಧನಾಗಿದ್ದ ನನಗೆ ಬೈಯದಿದ್ದದ್ದೇ ಕಷ್ಟವಾಯಿತು.

ವಿಚಾರಣೆ ಧಕ್ಕೆಯ ಮೇಲಿನ ತಗಡಿನ ಶೆಡ್ಡಿನಲ್ಲಿ ನಡೆಯಿತು. ಲೆಫ್ಟಿನೆಂಟ್ ನನಗಿಂತ ಚಿಕ್ಕವನು, ಮೇಜಿನ ಮೇಲೆ ಬ್ಯಾಟರಿಯ ದಾಖಲೆಗಳನ್ನು ಹರಡಿಕೊಂಡಿದ್ದ. ಡೊನಾಟೊ ಟೋಪಿ ಕಂಕುಳಲ್ಲಿಟ್ಟು ನೆಟ್ಟಗೆ ನಿಂತಿದ್ದರು. ನಾನು ನೋಟುಪುಸ್ತಕ ತೆರೆದು ಮೇಜಿನ ಮೇಲಿಟ್ಟೆ.

“ಇಲ್ಲಿ ಬರೆದದ್ದು ಏನು? ಇದು ಯಾವ ಲಿಪಿ?”

“ನನ್ನ ಭಾಷೆ ಸರ್. ಮೊದಲ ಮುಳ್ಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಅಂತ ಬರೆದಿದ್ದೇನೆ. ಹಿಡಿಯಬೇಕಿತ್ತು. ಪ್ಲೇಟು ಹೋದ ಸಲವೇ ಕಾಲು ಇಂಚಿತ್ತು. ಈ ಎರಡು ವರ್ಷದಲ್ಲಿ ಆದದ್ದಲ್ಲ. ಬಹುಶಃ ದಕ್ಷಿಣದಲ್ಲಿದ್ದಾಗ, ಚೀಫ್ ಬರುವುದಕ್ಕೆ ಮೊದಲೇ ಆದದ್ದು.”

“ಪರೀಕ್ಷೆಯ ದಿನ ನೀನೂ ಒಳಗಿದ್ದೆಯಲ್ಲ?”

“ಇದ್ದೆ ಸರ್.”

ಆತ ಹಾಲ್ವರ್ಸನ್ ಕಡೆ ತಿರುಗಿದ. “ಈ ಸಹಿ ನಿಮ್ಮದೇ?” ಅವರು ಹೌದೆಂದರು.

ಡೊನಾಟೊ ಮೇಲಿದ್ದ ಆರೋಪ ಅಲ್ಲಿಗೆ ಮುಗಿಯಿತು. ನಮ್ಮ ಕಂಪನಿಗೆ ನೌಕಾಪಡೆಯ ಕೆಲಸ ಆ ದಿನದಿಂದ ನಿಂತಿತು. ಅಷ್ಟು ಹಳೆಯ ಬೋಟಿಗೆ ಬ್ಯಾಟರಿಯನ್ನೆಲ್ಲ ಎತ್ತಿ ಪ್ಲೇಟು ಬದಲಾಯಿಸುವುದು ಬೇಡವೆಂದು ಮೇಲಿನವರು ತೀರ್ಮಾನಿಸಿದರು. ಪೀನಟ್ ಇನ್ನು ಮುಳುಗಬಾರದು, ಧಕ್ಕೆಗೆ ಕಟ್ಟಿಹಾಕಿ ಅದರಲ್ಲಿ ಪಾಠ ಹೇಳಬಹುದು ಎಂದು ಆದೇಶ ಬಂತು.

ಶೆಡ್ಡಿನ ಹೊರಗೆ ಡೊನಾಟೊ ನನಗಾಗಿ ಕಾದಿದ್ದರು. ಕೃತಜ್ಞತೆ ಹೇಳುತ್ತಾರೇನೋ ಎಂದುಕೊಂಡಿದ್ದೆ.

“ಎರಡು ವರ್ಷ ಪ್ರತಿ ತಿಂಗಳು ನಾನು ಜನರನ್ನು ಕೆಳಗೆ ಕರೆದುಕೊಂಡು ಹೋಗಿದ್ದೇನೆ” ಎಂದರು. “ಹೆಂಡತಿ ಮಕ್ಕಳಿರುವವರು. ಭಾನುವಾರ ಸಂಜೆ ಮನೆಗೆ ಬರುತ್ತೇವೆ ಅಂತ ಹೇಳಿ ಬಂದವರು. ನಿನ್ನ ಒಂದು ಅಂಕಿಯನ್ನು ನಂಬಿಕೊಂಡು.”

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಹೋಗಿಯೇಬಿಟ್ಟಿದ್ದರು.

ಹಾಲ್ವರ್ಸನ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ನಾನೇ ರಾಜೀನಾಮೆ ಬರೆದು ಒಯ್ದಾಗ, “ನೀನು ಹೋದರೆ ಇದೇ ತಪ್ಪು ಮಾಡುವ ಇನ್ನೊಬ್ಬನನ್ನು ನಾನು ಮೊದಲಿನಿಂದ ತಯಾರು ಮಾಡಬೇಕು” ಎಂದು ಕಾಗದ ವಾಪಸು ಕೊಟ್ಟರು. ಒಂದು ವರ್ಷ ನನಗೆ ನೀರಿನ ಟ್ಯಾಂಕುಗಳ ಕೆಲಸ ಮಾತ್ರ ಸಿಕ್ಕಿತು. ಪ್ರತಿ ಪುಟಕ್ಕೂ ಅವರು ಸುತ್ತಿಗೆ ಹಿಡಿದು ಬಂದು ಬಡಿದು ನೋಡಿಯೇ ಸಹಿ ಹಾಕಿದರು.

ನಾಲ್ಕು ತಿಂಗಳಾದ ಮೇಲೆ ಡೊನಾಟೊ ಫೋನು ಬಂತು. ನಮಸ್ಕಾರವೂ ಇಲ್ಲ. “ಶನಿವಾರ ಹೊಸ ತಂಡ ಬರುತ್ತದೆ. ನೀನು ಬಂದು ಮಾಡಿದ್ದನ್ನು ಅವರಿಗೆ ಹೇಳು.”

“ಏನು ಹೇಳಲಿ?”

“ಲೆಫ್ಟಿನೆಂಟ್ ಮುಂದೆ ಹೇಳಿದ್ದು. ಅಷ್ಟೇ.”

ಹೋದೆ. ಬ್ಯಾಟರಿ ಕೋಣೆಯ ಬಾಗಿಲಲ್ಲಿ ಹನ್ನೆರಡು ಜನ ಒತ್ತಿಕೊಂಡು ನಿಂತಿದ್ದರು. ನಾನು ಪರದೆಯ ಚಿತ್ರ ಬರೆದು ಎರಡು ಮುಳ್ಳು ತೋರಿಸಿ, ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ ಎಂದು ಹೇಳಿದೆ. ಕುತ್ತಿಗೆ ನೋಯುತ್ತಿತ್ತು ಎಂಬುದನ್ನೂ, ಹಿಂದಿನ ಗೆಲುವು ತಲೆಗೇರಿತ್ತು ಎಂಬುದನ್ನೂ ಹೇಳಿದೆ. ಮುಗಿದ ಮೇಲೆ ಡೊನಾಟೊ, “ಮುಂದಿನ ತಂಡ ಮೂರು ತಿಂಗಳ ಮೇಲೆ” ಎಂದರು. ಅದಾಗಿ ನಾಲ್ಕು ತಿಂಗಳಿಗೆ ಅವರು ನಿವೃತ್ತರಾದರು. ಆಮೇಲೂ ಸ್ಟೇಟನ್ ಐಲೆಂಡಿನಿಂದ ಆ ಶನಿವಾರಗಳಿಗೆ ಬಂದು ಹಿಂದೆ ನಿಂತು ಕೇಳುತ್ತಿದ್ದರು. ನಾನು ಏನನ್ನಾದರೂ ಹಗುರ ಮಾಡಿ ಹೇಳಿದರೆ ತಡೆದು ಸರಿಪಡಿಸುತ್ತಿದ್ದರು.

“ಮತ್ತ ಮತ್ತ ಹೋಗಿ ಅದನ್ನss ಹೇಳಿ ಬರ್ತೀರಿ. ಬ್ಯಾಸರಾಗೂದಿಲ್ಲೇನು?” ಎಂದು ಸುಮಿತ್ರಾ ಕೇಳಿದ್ದಳು. ಬೇಸರವಾಗುತ್ತಿತ್ತು. ಆದರೂ ಬೋಟು ಇರುವವರೆಗೆ, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ, ಒಂದನ್ನೂ ತಪ್ಪಿಸಲಿಲ್ಲ.

ಎಪ್ಪತ್ತರ ದಶಕದ ನಡುವೆ ಪೀನಟ್‌ನ ಹೆಸರನ್ನು ನೌಕಾಪಡೆಯ ಪಟ್ಟಿಯಿಂದ ತೆಗೆದರು. ಒಂದು ಬೆಳಿಗ್ಗೆ ಟಗ್ ದೋಣಿಯೊಂದು ಅದನ್ನು ನ್ಯೂಅರ್ಕ್ ಕೊಲ್ಲಿಯ ಗುಜರಿ ಯಾರ್ಡಿಗೆ ಎಳೆದುಕೊಂಡು ಹೋಯಿತು. ಬ್ಯಾಟರಿ ತೆಗೆದಿದ್ದರಿಂದ ಹಗುರಾಗಿ, ನೀರಿನ ಮೇಲೆ ಎಂದೂ ಕಾಣದಷ್ಟು ಎತ್ತರಕ್ಕೆ ಎದ್ದು ನಿಂತಿತ್ತು. ಧಕ್ಕೆಯ ಮೇಲೆ ನಾನು, ಡೊನಾಟೊ, ಇಬ್ಬರು ಕಾವಲಿನವರು ಇದ್ದೆವು. ಬೋಟು ಕಣ್ಮರೆಯಾದ ಮೇಲೆ ಡೊನಾಟೊ ನನ್ನ ಕೈ ಕುಲುಕಿದರು. ಅಷ್ಟು ವರ್ಷಗಳಲ್ಲಿ ಅದೊಂದೇ ಸಲ.

ಅದಾಗಿ ಮೂರ್ನಾಲ್ಕು ವರ್ಷಗಳಾಗಿದ್ದವು. ಹಾಲ್ವರ್ಸನ್ ನಿವೃತ್ತರಾಗಿದ್ದರು. ನಾನು ಪರ್ತ್ ಆಂಬಾಯ್ ಕಡೆಯ ಒಂದು ಕಾರ್ಖಾನೆಗೆ ಆಸಿಡ್ ಟ್ಯಾಂಕ್ ಅಳೆಯಲು ಹೋಗಿದ್ದೆ. ಯಂತ್ರ ಆಗ ಊಟದ ಡಬ್ಬಿಯಷ್ಟಾಗಿತ್ತು, ಅಂಕಿಯನ್ನೂ ತಾನೇ ತೋರಿಸುತ್ತಿತ್ತು. ಟ್ಯಾಂಕಿನ ಹೊಣೆ ಹೊತ್ತವನು ನಲವತ್ತರ ಆಸುಪಾಸಿನ ಮನುಷ್ಯ. ನಾನು ಬ್ಯಾಗು ಕೆಳಗಿಡುವ ಮೊದಲೇ, “ಬಣ್ಣ ಪೂರ್ತಿ ಕೆರೆದು ಬರಿಯ ಉಕ್ಕಿನ ಮೇಲೆ ಇಟ್ಟರೆ ಮಾತ್ರ ನಾನು ಸಹಿ ಹಾಕುವುದು. ಅಂಕಿ ಸಾಲದು, ಮುಳ್ಳು ಕಾಣುವ ಯಂತ್ರ ತಾ” ಎಂದ.

ಅಂಥದ್ದೂ ನನ್ನ ಕಾರಿನಲ್ಲಿತ್ತು. ತರುತ್ತೇನೆ ಎಂದು, ಇದನ್ನು ಯಾರು ಹೇಳಿಕೊಟ್ಟರೆಂದು ಕೇಳಿದೆ.

“ನಾನು ಮೊದಲು ಸಬ್‌ಮರೀನ್ ಮೀಸಲು ಪಡೆಯಲ್ಲಿದ್ದೆ. ಅಲ್ಲಿ ಒಬ್ಬ ಇಂಡಿಯನ್ ಇನ್ಸ್‌ಪೆಕ್ಟರ್ ತಪ್ಪು ಮುಳ್ಳು ನೋಡಿ ಅರ್ಧ ಇಂಚು ಅಂತ ಬರೆದಿದ್ದ. ಹತ್ತೊಂಬತ್ತು ಜನರೊಂದಿಗೆ ಬೋಟು ಕೆಳಗೆ ಹೋಯಿತು.”

“ಮೇಲೂ ಬಂತು” ಎಂದೆ. “ನಾನು ಅದರಲ್ಲಿದ್ದೆ. ಆ ಇನ್ಸ್‌ಪೆಕ್ಟರ್ ನಾನೇ.”

ಆತ ನನ್ನ ಮುಖವನ್ನು, ಬ್ಯಾಡ್ಜಿನ ಮೇಲಿನ ಹೆಸರನ್ನು ನೋಡಿದ. ನೆನಪಾಯಿತೆಂದು ಕಾಣುತ್ತದೆ. ನಾನು ಕಾರಿಗೆ ಹೋಗಿ ಯಂತ್ರ ತಂದು, ಬಣ್ಣ ಕೆರೆದು, ಗ್ಲಿಸರಿನ್ ಬಳಿದು ಪ್ರೋಬ್ ಇಟ್ಟೆ. ಮೊದಲ ಮುಳ್ಳು ಎದ್ದಿತು. ಅದನ್ನು ಬೆರಳಿಟ್ಟು ತೋರಿಸಿ ಅಂಕಿ ಹೇಳಿದೆ. ಆತ ಪರದೆಗೆ ಮುಖ ಹತ್ತಿರ ತಂದು ನೋಡಿದ. ಪೆನ್ನು ತೆಗೆದ, ಸಹಿ ಹಾಕಲಿಲ್ಲ.

“ನೀನೇ ಆತನಾದರೆ ಇನ್ನೊಂದು ಸಲ ಅಳೆ” ಎಂದ.

ಅಳೆದೆ.